ರಾಯಚೂರಿನಲ್ಲಿ ಓಡುವ ಪೆಟ್ರೋಲ್ ಕಾರಿಗೆ ಆಂಪ್ಲಿಫೈಯರ್, ಡ್ಯಾಶ್‌ಕ್ಯಾಮ್ ಹಾಕಿಸಿದರೆ 35 ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಬ್ಯಾಟರಿ ಸಾಕಾಗುತ್ತದೆಯೇ?

ಕಾರು ಓಡುವಾಗ ಕರೆಂಟ್ ಕೊಡುವುದು ಎಂಜಿನ್ ತಿರುಗಿಸುವ ಜನರೇಟರ್ ಆದ ಆಲ್ಟರ್ನೇಟರ್, ಬ್ಯಾಟರಿ ಅಲ್ಲ. ಹಾಗಾಗಿ ಎಂಜಿನ್ ಆಫ್ ಇದ್ದಾಗ ಏನೇನು ಓಡುತ್ತದೆ ಎಂದು ಲೆಕ್ಕ ಹಾಕಿ. ಪಾರ್ಕಿಂಗ್ ಮೋಡ್‌ನಲ್ಲಿ ಡ್ಯಾಶ್‌ಕ್ಯಾಮ್ 0.3 ಆಂಪಿಯರ್ ಎಳೆದರೆ ದಿನಕ್ಕೆ 7 ಆಂಪಿಯರ್-ಅವರ್ ಹೋಯಿತು. ಮೂರು ದಿನ ನಿಲ್ಲಿಸಿದರೆ ನಿಮ್ಮ ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಖಾಲಿ, ಸೆಲ್ಫ್ ಹೊಡೆಯುವುದೇ ಅನುಮಾನ. 400 ವ್ಯಾಟ್ ಆಂಪ್ಲಿಫೈಯರ್ ಪೂರ್ತಿ ಲೋಡಿನಲ್ಲಿ 33 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಇಷ್ಟಕ್ಕೆ ಬ್ಯಾಟರಿ ಟ್ರೇಯಲ್ಲಿ ಕೂರುವುದಾದರೆ 44-45 ಆಂಪಿಯರ್-ಅವರ್‌ನದು ಹಾಕಿಸಿ. ಆಲ್ಟರ್ನೇಟರ್ ಚಿಕ್ಕದಿದ್ದರೆ ದೊಡ್ಡ ಬ್ಯಾಟರಿ ಹಾಕಿಯೂ ಪ್ರಯೋಜನವಿಲ್ಲ. ಎಂಜಿನ್ ಆನ್ ಇಟ್ಟು, ಹೆಡ್‌ಲೈಟ್, ಎಸಿ ಹಾಕಿ ಮೀಟರ್ ಹಿಡಿಯಿರಿ: ಬ್ಯಾಟರಿಯ ವೋಲ್ಟೇಜ್ 13.5ಕ್ಕಿಂತ ಕೆಳಗಿದ್ದರೆ ಮೊದಲು ಆಲ್ಟರ್ನೇಟರ್ ನೋಡಿಸಿ.

ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಸ್ಟಾರ್ಟ್-ಸ್ಟಾಪ್ ಕಾರಿಗೆ ಸಾಮಾನ್ಯ ಬ್ಯಾಟರಿ ಬೇಡ, ಬೇಗ ಸಾಯುತ್ತದೆ. ಇಂಥ ಕಾರಿಗೆಂದೇ ಮಾಡಿದ ಇಎಫ್‌ಬಿ, ಎಜಿಎಂ ಎಂಬ ಎರಡು ಬಗೆಯ ಬ್ಯಾಟರಿಗಳಿವೆ: ಕಾರಿನ ಜೊತೆ ಇಎಫ್‌ಬಿ ಬಂದಿದ್ದರೆ ಇಎಫ್‌ಬಿಯನ್ನೇ, ಎಜಿಎಂ ಬಂದಿದ್ದರೆ ಎಜಿಎಂ ಅನ್ನೇ ಹಾಕಿ.

ಡಬ್ಬಿಯ ಮೇಲಿನ ಸಿಸಿಎ ಚಳಿಯಲ್ಲಿ ಸ್ಟಾರ್ಟ್ ಮಾಡುವ ಶಕ್ತಿ. 40 ಡಿಗ್ರಿ ದಾಟುವ ನಮ್ಮ ಊರಿಗೆ ಅದರ ಚಿಂತೆ ಕಡಿಮೆ. ಇಲ್ಲಿ ಬ್ಯಾಟರಿ ತಿನ್ನುವುದು ಬಿಸಿಲು: ಬಿಸಿ 10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಮುಚ್ಚಳ ಬಿಚ್ಚುವ ಬ್ಯಾಟರಿಯಾದರೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಿ, ಪ್ಲೇಟ್ ಮುಳುಗುವಂತೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್ ನೀರಿನ ಲವಣ ಪ್ಲೇಟ್ ಕೆಡಿಸುತ್ತದೆ.

ಕೊಳ್ಳುವಾಗ ತಯಾರಿಕೆ ತಿಂಗಳು ನೋಡಿ, ಅಂಗಡಿಯಲ್ಲೇ ಮೀಟರ್ ಇಡಿಸಿ, 12.4 ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ ಬೇರೆಯದು ಕೇಳಿ. ಪ್ಲಸ್ ಟರ್ಮಿನಲ್ ಎಡಕ್ಕೋ ಬಲಕ್ಕೋ ಎಂಬುದನ್ನು ಹಳೆಯದರ ಜೊತೆ ಹೋಲಿಸಿ, ಉಲ್ಟಾ ಬಂದರೆ ಕೇಬಲ್ ಮುಟ್ಟುವುದಿಲ್ಲ.