ಹಬ್ಬದ ಸಿನಿಮಾ ನೋಡಿ ಎಲ್ಲರಿಗಿಂತ ಮೊದಲು ಅಭಿಪ್ರಾಯ ಹಾಕೋದು ಹೇಗೆ? ನನಗೆ 16 ವರ್ಷ

ಹದಿನಾರು ವರ್ಷ, ದಸರಾ ರಜೆ, ಮೊದಲ ದಿನದ ಟಿಕೆಟ್, ಎಲ್ಲರಿಗಿಂತ ಮುಂಚೆ ಬರೆದು ಹಾಕಬೇಕು ಅನ್ನೋ ಆತುರ. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ 2017ರ ನಾನೇ ಎದುರಿಗೆ ಬಂದು ಕೂತ ಹಾಗಾಯಿತು. ಯೂಟ್ಯೂಬ್ ಒಳ್ಳೆಯದಾ, ಇನ್‌ಸ್ಟಾಗ್ರಾಂ ಒಳ್ಳೆಯದಾ ಅಂತಲೂ ಕೇಳಿದ್ದೀರಿ. ಅದು ಆಮೇಲೆ. "ಹಬ್ಬಕ್ಕೆ ಬರೋದೆಲ್ಲ ಮಸಾಲೆ, ಇಂಟರ್ವಲ್‌ಗೇ ಎಲ್ಲ ಗೊತ್ತಾಗಿಬಿಡುತ್ತೆ" ಅಂತ ಒಂದು ಸಾಲು ಬರೆದಿದ್ದೀರಲ್ಲ, ಆ ಸಾಲಿಗೋಸ್ಕರ ಈ ಉತ್ತರ.

ನಮ್ಮೂರು ಅರಸೀಕೆರೆ ಹತ್ತಿರ. ನನ್ನ ಸೋದರಮಾವ ಮೈಸೂರಿನಲ್ಲಿ ಟೈಲರ್. ಪ್ರತಿ ದಸರಾ ರಜೆಗೂ ರೈಲು ಹತ್ತಿ ಮಾವನ ಮನೆಗೆ ಹೋಗುತ್ತಿದ್ದೆ. ಹಬ್ಬದ ಮುಂಚಿನ ಹದಿನೈದು ದಿನ ಮಾವನಿಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ಆಯುಧಪೂಜೆ ದಿನ ಮಾತ್ರ ಮಷಿನ್ ನಿಲ್ಲುತ್ತಿತ್ತು. ಬೆಳಿಗ್ಗೆ ಎರಡೂ ಮಷಿನ್ ಒರೆಸಿ, ಎಣ್ಣೆ ಬಿಟ್ಟು, ಚೆಂಡು ಹೂವಿನ ಹಾರ ಹಾಕುತ್ತಿದ್ದರು. ಕತ್ತರಿ, ಟೇಪು, ಇಸ್ತ್ರಿ ಪೆಟ್ಟಿಗೆಗೆ ಕುಂಕುಮ. ಬಾಗಿಲಲ್ಲಿ ಬೂದುಗುಂಬಳ ಒಡೆದು, ಅಕ್ಕಪಕ್ಕದ ಅಂಗಡಿಗಳಿಗೆ ಕಡ್ಲೆಪುರಿ ಹಂಚಿದರೆ ಪೂಜೆ ಮುಗೀತು. ಊಟ ಆದ ಮೇಲೆ ನಾನೂ ಮಾವನೂ ಮ್ಯಾಟಿನಿಗೆ. ವರ್ಷಕ್ಕೆ ಮಾವ ಥಿಯೇಟರಿನಲ್ಲಿ ನೋಡುತ್ತಿದ್ದದ್ದು ಅದೊಂದೇ ಸಿನಿಮಾ.

ಮಾವ ಸಿನಿಮಾ ನೋಡುವ ರೀತಿಯೇ ಬೇರೆ. ಫೈಟ್ ಬಂದಾಗ ಎಲ್ಲರೂ ಹೀರೋ ಕೈ ನೋಡಿದರೆ, ಮಾವ ಕಂಕುಳ ಹತ್ತಿರ ಬಟ್ಟೆ ಎಷ್ಟು ಸಡಿಲ ಬಿಟ್ಟಿದ್ದಾರೆ ಅಂತ ನೋಡುತ್ತಿದ್ದರು. "ಅಷ್ಟು ಬಿಟ್ಟಿಲ್ಲ ಅಂದ್ರೆ ಕೈ ಎತ್ತಿದ ತಕ್ಷಣ ಪರ್ ಅಂತ ಹರಿಯುತ್ತೆ ಕಣೋ" ಅನ್ನೋರು. ಸಿನಿಮಾದಲ್ಲಿ ಒಬ್ಬರು ಕೂತು ಕೆಲಸ ಮಾಡಿದ್ದಾರೆ ಅನ್ನೋದು ನನಗೆ ಮೊದಲು ತಿಳಿದಿದ್ದು ಮಾವನಿಂದ.

ನಾನಾಗ ಫಸ್ಟ್ ಪಿಯುಸಿ. ಜಿಯೋ ಬಂದು ಒಂದು ವರ್ಷ ಆಗಿತ್ತು, ಎಲ್ಲರ ಫೋನಿನಲ್ಲೂ ಡೇಟಾ. ಫೇಸ್‌ಬುಕ್‌ನ ಒಂದು ಸಿನಿಮಾ ಗುಂಪಿನಲ್ಲಿ ಬರೆಯುತ್ತಿದ್ದೆ. ಒಂದು ಸ್ಥಳೀಯ ಪತ್ರಿಕೆಯವರು ನನ್ನ ಮೂರು ಬರಹ ಹಾಕಿದ್ದರು. ದಸರಾ ಸಿನಿಮಾ ಬಗ್ಗೆ ಒಂದು ಕಳಿಸು ಅಂತ ಹೇಳಿದ್ದರು. ಮಾವ ಆ ಮೂರನ್ನೂ ಕತ್ತರಿಸಿ ಅಂಗಡಿಯ ಕನ್ನಡಿ ಪಕ್ಕ ಅಂಟಿಸಿದ್ದರು. ಅಳತೆ ಕೊಡೋಕೆ ಬಂದವರಿಗೆಲ್ಲ "ನಮ್ಮ ಅಳಿಯ ಬರೆದಿದ್ದು" ಅಂತ ತೋರಿಸುತ್ತಿದ್ದರು.

ಆ ವರ್ಷ ಆಯುಧಪೂಜೆ ಸೆಪ್ಟೆಂಬರ್ 29, ಶುಕ್ರವಾರ. ಹಬ್ಬವೂ ಅದೇ ದಿನ, ಹೊಸ ಸಿನಿಮಾ ಬಿಡುಗಡೆಯೂ ಅದೇ ದಿನ. ದೊಡ್ಡ ಸ್ಟಾರ್ ಸಿನಿಮಾಗೆ ಟಿಕೆಟ್ ಸಿಗಲಿಲ್ಲ. ಇನ್ನೊಂದು ಥಿಯೇಟರಿನಲ್ಲಿ ಹೊಸಬರ ಚಿಕ್ಕ ಸಿನಿಮಾ ಇತ್ತು, ಅದಕ್ಕೆ ಹೋದೆವು. ಹೆಸರು ಹೇಳಲ್ಲ. ನನಗೆ ಒಳಗೊಳಗೇ ಖುಷಿ. ಈ ಸಿನಿಮಾ ಬಗ್ಗೆ ಗುಂಪಿನಲ್ಲಿ ಯಾರೂ ಬರೆದಿರಲಿಲ್ಲ. ನಾನೇ ಮೊದಲು.

ಕಥೆ ಹಿಂದೆ ಮುಂದೆ ಹೋಗುತ್ತಿತ್ತು. ಒಬ್ಬ ಅಪ್ಪ, ಒಬ್ಬಳು ಮಗಳು. ಅಪ್ಪನದು ಹೆಚ್ಚುಕಡಿಮೆ ಒಂದೇ ಶರ್ಟ್. ಇಂಟರ್ವಲ್‌ಗೆ ಹತ್ತು ನಿಮಿಷ ಇರುವಾಗ ಮಾವ ನನ್ನ ಕಡೆ ಬಗ್ಗಿ, "ಮೂರನೇ ಗುಂಡಿ ನೋಡಿದ್ಯಾ? ಒಂದು ಸಲ ಬಿಳಿ ದಾರ, ಒಂದು ಸಲ ಕಪ್ಪು ದಾರ" ಅಂದರು. ನೋಡಿದೆ. ಹೌದು. ಮುಂದಿನ ಸೀನಿನಲ್ಲಿ ಮತ್ತೆ ಬಿಳಿ.

ಇಂಟರ್ವಲ್ ಬಿಟ್ಟ ತಕ್ಷಣ ಸಿಗ್ನಲ್ ಸಿಗಲಿ ಅಂತ ಗೇಟಿನ ಹತ್ತಿರ ಓಡಿದೆ. ನಿಂತಲ್ಲೇ ಟೈಪ್ ಮಾಡಿದೆ. ನಿಧಾನ, ಸಂಗೀತ ಸುಮಾರು, ಹೊಸಬರಿಗೆ ಅನುಭವ ಸಾಲದು. ಕೊನೆಗೆ ಇದನ್ನು ಸೇರಿಸಿದೆ: "ಅಪ್ಪನ ಶರ್ಟಿನ ಗುಂಡಿಯ ದಾರ ಸೀನಿಗೊಂದು ಬಣ್ಣ. ಇಷ್ಟು ದೊಡ್ಡ ಕಂಟಿನ್ಯುಟಿ ತಪ್ಪು ನಿರ್ದೇಶಕರಿಗೆ ಕಾಣಲಿಲ್ಲವೇ?" ಕಂಟಿನ್ಯುಟಿ ಅಂದರೆ ಒಂದು ಸೀನಿಂದ ಇನ್ನೊಂದಕ್ಕೆ ಬಟ್ಟೆ, ವಸ್ತು ಎಲ್ಲ ಹೊಂದಿಕೊಂಡಿರೋದು. ಮಾವ ಕಂಡಿದ್ದನ್ನು ನಾನು ಕಂಡ ಹಾಗೆ ಬರೆದೆ. ಅದೂ ತಪ್ಪು ಅಂತ ಬರೆದೆ. ಮಾವ ತಪ್ಪು ಅಂತ ಹೇಳಿರಲೇ ಇಲ್ಲ. ದಾರ ಬದಲಾಗ್ತಿದೆ ಅಂತಷ್ಟೇ ಹೇಳಿದ್ದರು.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ನನ್ನ ತಪ್ಪು ಒಂದೇ ಸಲಕ್ಕೆ ಆಗಿದ್ದಲ್ಲ. ಪೋಸ್ಟ್ ಹಾಕಿದ ಎರಡನೇ ನಿಮಿಷಕ್ಕೆ ಲೈಕ್ ಶುರುವಾಯಿತು. ಒಳಗೆ ಬೆಲ್ ಹೊಡೆಯಿತು. ಹೋಗಬೇಕಿತ್ತು. "ಇನ್ನೊಂದು ಕಾಮೆಂಟ್‌ಗೆ ಉತ್ತರ ಕೊಟ್ಟು ಹೋಗೋಣ" ಅಂದುಕೊಂಡೆ. ಯಾರೋ ಒಬ್ಬರು "ಸೆಕೆಂಡ್ ಹಾಫ್ ಮುಗೀತಾ?" ಅಂತ ಕೇಳಿದರು. ಆಗಲಾದರೂ ನಿಜ ಹೇಳಬಹುದಿತ್ತು. "ಮುಗೀತು, ಅದೇ ಕಥೆ" ಅಂತ ಹಾಕಿದೆ. ಆ ಮೂರು ಪದ ಟೈಪ್ ಮಾಡುವಾಗ ನನ್ನ ಬೆನ್ನ ಹಿಂದೆ ಸಿನಿಮಾ ನಡೆಯುತ್ತಿತ್ತು. ಬಾಗಿಲ ಸಂದಿಯಿಂದ ಡೈಲಾಗ್ ಕೇಳಿಸುತ್ತಿತ್ತು. ಕೇಳಿಸಿಯೂ ಹೋಗಲಿಲ್ಲ. ಒಳಗೆ ಹೋದಾಗ ನಲವತ್ತು ನಿಮಿಷ ಆಗಿತ್ತು. ಕೊನೆಯ ಹಾಡು ನಡೆಯುತ್ತಿತ್ತು. ಮಾವ ಟವೆಲ್‌ನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಹೊರಗೆ ಬರುವಾಗ ಕೇಳಿದರು: "ಆ ದಾರದ ಡಬ್ಬಿ ಸೀನು ಹೇಗಿತ್ತೋ?"

"ಚೆನ್ನಾಗಿತ್ತು ಮಾವ" ಅಂದೆ.

ಪಕ್ಕದ ಸೀಟು ಖಾಲಿ ಇದ್ದದ್ದು ಅವರಿಗೆ ಗೊತ್ತಿತ್ತು. ಏನೂ ಅನ್ನಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆಗೆ ಮಾವ ಕಥೆ ಹೇಳುವಾಗ ನನಗೆ ವಿಷಯ ತಿಳಿಯಿತು. ಬಿಳಿ ದಾರ ಹೆಂಡತಿ ಬದುಕಿದ್ದಾಗಿನದು. ಅವಳು ಹೋದ ಮೇಲೆ ಗುಂಡಿ ಕಿತ್ತು ಬರುತ್ತೆ. ರಾತ್ರಿ ಅಪ್ಪ ಅವಳ ದಾರದ ಡಬ್ಬಿ ಹುಡುಕುತ್ತಾನೆ, ಸಿಗಲ್ಲ. ಮಗಳ ಸ್ಕೂಲ್ ಬ್ಯಾಗಿನ ಕಪ್ಪು ದಾರದಲ್ಲಿ ಹೊಲಿದುಕೊಳ್ಳುತ್ತಾನೆ, ಒರಟು ಒರಟಾಗಿ. ಯಾವ ಸೀನು ಮುಂಚಿನದು, ಯಾವ ಸೀನು ಆಮೇಲಿನದು ಅಂತ ಆ ಗುಂಡಿಯೇ ಹೇಳುತ್ತಿತ್ತು. ಇಡೀ ಸಿನಿಮಾ ಅದರ ಮೇಲೆ ನಿಂತಿತ್ತು. ಅದನ್ನೇ ನಾನು ತಪ್ಪು ಅಂತ ಬರೆದಿದ್ದೆ.

ಆ ರಾತ್ರಿಯೇ ಪೋಸ್ಟ್ ತೆಗೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತೆಗೆಯಲಿಲ್ಲ. ಇನ್ನೂರು ಚಿಲ್ಲರೆ ಶೇರ್ ಆಗಿತ್ತು, ಅಷ್ಟು ಯಾವತ್ತೂ ಆಗಿರಲಿಲ್ಲ. ಅದನ್ನೇ ಸ್ವಲ್ಪ ತಿದ್ದಿ ಪತ್ರಿಕೆಗೂ ಕಳಿಸಿದೆ. ದಾರದ ಸಾಲು ತೆಗೆಯಲಿಲ್ಲ, ಯಾಕಂದರೆ ಜನ ಮೆಚ್ಚಿದ್ದು ಅದನ್ನೇ. ಮುಂದಿನ ಶುಕ್ರವಾರ ಅಚ್ಚಾಯಿತು. ಅಷ್ಟರಲ್ಲಿ ಆ ಸಿನಿಮಾ ಥಿಯೇಟರಿನಿಂದ ಹೋಗಿತ್ತು. ಪೂರ್ತಿ ನೋಡಿದ ಇಬ್ಬರು ಪತ್ರಿಕೆಗೆ ಕಾಗದ ಬರೆದರು. ಪತ್ರಿಕೆಯವರು ಫೋನ್ ಮಾಡಿ ಒಂದೇ ಮಾತು ಕೇಳಿದರು, "ಪೂರ್ತಿ ನೋಡಿದ್ದೀಯಾ?" ನಾನು ಸುಮ್ಮನಿದ್ದೆ. ಮತ್ತೆ ಅವರು ನನ್ನ ಬರಹ ತೆಗೆದುಕೊಳ್ಳಲಿಲ್ಲ.

ಅದು ಹೋಗಲಿ. ಮಾವ ಆ ಶುಕ್ರವಾರವೂ ಪತ್ರಿಕೆ ಕೊಂಡಿದ್ದರಂತೆ. ಕತ್ತರಿಯನ್ನೂ ಕೈಗೆ ತೆಗೆದುಕೊಂಡಿದ್ದರಂತೆ. ಓದಿ, ಮಡಚಿ, ಕಟಿಂಗ್ ಟೇಬಲ್ ಕೆಳಗೆ ಇಟ್ಟರಂತೆ. ಅತ್ತೆ ಹೇಳಿದ್ದು. ಮರುವರ್ಷ ದಸರಾಕ್ಕೆ ಹೋದಾಗ ಕನ್ನಡಿ ಪಕ್ಕ ಆ ಮೂರು ಇದ್ದವು, ನಾಲ್ಕನೆಯದು ಇರಲಿಲ್ಲ. "ಸಿನಿಮಾಗೆ ಹೋಗೋಣ್ವಾ ಮಾವ?" ಅಂದೆ. "ಕೆಲಸ ಇದೆ ಕಣೋ, ನೀನು ಹೋಗಿ ಬಾ" ಅಂದರು. ಆಯುಧಪೂಜೆ ದಿನ, ಮಷಿನ್‌ಗೆ ಹಾರ ಹಾಕಿ ನಿಲ್ಲಿಸಿದ ದಿನ. ಅದರ ಮುಂದಿನ ವರ್ಷವೂ ಅದೇ ಮಾತು. ಆಮೇಲೆ ಕೊರೊನಾ ಬಂತು, ಥಿಯೇಟರುಗಳೇ ಮುಚ್ಚಿದವು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಲ್ಲರಿಗಿಂತ ಮೊದಲು ಹಾಕೋದು ಹೇಗೆ ಅಂತ ನಾನು ಹೇಳಿಕೊಡಲ್ಲ. ಮೊದಲು ಹಾಕಬೇಕು ಅನ್ನೋದೇ ತಪ್ಪು. ಒಂದು ಅಭಿಪ್ರಾಯ ಮೂರು ದಿನ ತಡವಾದರೆ ಯಾರಿಗೂ ನಷ್ಟ ಇಲ್ಲ. ಕಾಂತಾರ 2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಮಾತ್ರ ಬಂತು. ಜನ ನೋಡಿ ಬಂದು ಪಕ್ಕದವರಿಗೆ ಹೇಳಿದರು. ಹಿಂದಿಗೆ ಡಬ್ ಆಗಿ ಬಿಡುಗಡೆಯಾಗಿದ್ದು ಎರಡು ವಾರ ಬಿಟ್ಟು, ಅಕ್ಟೋಬರ್ 14ಕ್ಕೆ. ಮೂರನೇ ವಾರ ಬರೆದವರನ್ನೂ ಜನ ಓದಿದರು. 2025ರ ಜುಲೈ 25ಕ್ಕೆ ಬಂದ ಸು ಫ್ರಮ್ ಸೋ ನೋಡಿ. ಹಬ್ಬವೂ ಇಲ್ಲ, ದೊಡ್ಡ ಸ್ಟಾರೂ ಇಲ್ಲ, ಬಾಯಿ ಮಾತಿನಲ್ಲೇ ಥಿಯೇಟರ್ ತುಂಬಿತು. ಮುಂಗಾರು ಮಳೆ 2006ರ ಡಿಸೆಂಬರ್ ಕೊನೆಗೆ ಬಂದು ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಓಡಿತು. ಉಳಿದವರು ಕಂಡಂತೆ ಸಿನಿಮಾ 2014ರಲ್ಲಿ ಥಿಯೇಟರಿನಲ್ಲಿ ಅಷ್ಟು ಓಡಲಿಲ್ಲ, ಈಗ ನಿಮ್ಮ ವಯಸ್ಸಿನವರು ಅದರ ಡೈಲಾಗ್ ಬಾಯಿಪಾಠ ಹೇಳುತ್ತಾರೆ. ಇವುಗಳ ಮುಂದೆ ಮೊದಲ ದಿನದ ಇಂಟರ್ವಲ್ ಪೋಸ್ಟ್ ಯಾವ ಲೆಕ್ಕ?

ಹಬ್ಬದ ಸಿನಿಮಾ ಅಂದರೆ ಬರೀ ಮಸಾಲೆ ಅನ್ನೋದನ್ನೂ ನಾನು ಒಪ್ಪಲ್ಲ. ರಜೆ ಇರುತ್ತೆ, ಮನೆಯವರೆಲ್ಲ ಒಟ್ಟಿಗೆ ಬರುತ್ತಾರೆ, ಅದಕ್ಕೆ ನಿರ್ಮಾಪಕರು ಆ ವಾರ ಆರಿಸಿಕೊಳ್ಳುತ್ತಾರೆ. ಅದು ವ್ಯಾಪಾರದ ಲೆಕ್ಕ. ಒಳಗೆ ಏನಿದೆ ಅನ್ನೋದು ಬೇರೆ ವಿಷಯ. ಹೀರೋ ಎಂಟ್ರಿಗೆ ವಿಷಲ್ ಹೊಡೆಸೋದು ಕೂಡ ಸುಲಭದ ಕೆಲಸ ಅಲ್ಲ. ಹಾಗೆ ಆಗಿದ್ದು ಯಾಕೆ, ಇನ್ನೊಂದು ಸಿನಿಮಾದಲ್ಲಿ ಅದೇ ಎಂಟ್ರಿಗೆ ಜನ ಸುಮ್ಮನೆ ಕೂತಿದ್ದು ಯಾಕೆ, ಅದನ್ನು ಬರೆಯಿರಿ. ಪಕ್ಕದ ಸೀಟಿನ ಅಜ್ಜಿ ಎಲ್ಲಿ ನಕ್ಕರು ಅಂತ ಬರೆಯಿರಿ. ಕಲೆಕ್ಷನ್ ಎಷ್ಟು ಕೋಟಿ ಅನ್ನೋದನ್ನು ಬಿಟ್ಟುಬಿಡಿ, ಅದು ನಿಮ್ಮ ಕೆಲಸ ಅಲ್ಲ.

ಟಿಕೆಟ್ ದುಡ್ಡಿನ ವಿಷಯ ಮಾತ್ರ ನೆನಪಿರಲಿ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ನಾಲ್ಕು ಜನರ ಮನೆಗೆ ಒಂದು ಸಿನಿಮಾ ಅಂದರೆ ಈಗ ಸಣ್ಣ ಖರ್ಚಲ್ಲ. ನಮ್ಮ ಮಾವನ ಹಾಗೆ ವರ್ಷಕ್ಕೆ ಒಂದೇ ಸಿನಿಮಾ ನೋಡುವವರು ತುಂಬಾ ಜನ ಇದ್ದಾರೆ. ನೀವು "ಹೋಗಬೇಡಿ" ಅಂದರೆ ಅವರು ನಿಜವಾಗಿಯೂ ಹೋಗಲ್ಲ. ಹಾಗಾಗಿ ಕೊನೆ ತನಕ ನೋಡದೆ ಒಂದಕ್ಷರ ಬರೆಯಬೇಡಿ. ಇಷ್ಟ ಆಗದ ಸಿನಿಮಾ ಆದರೆ ಬರೆಯುವ ಮುಂಚೆ ಇನ್ನೊಂದು ದಿನ ಕಾಯಿರಿ.

ಹೀರೋ ಎಂಟ್ರಿ ರೆಕಾರ್ಡ್ ಮಾಡಿ ಸ್ಟೇಟಸ್ ಹಾಕ್ತೀನಿ ಅಂತಲೂ ಬರೆದಿದ್ದೀರಿ. ದಯವಿಟ್ಟು ಇವತ್ತೇ ನಿಲ್ಲಿಸಿ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ಆಗಿದೆ. ಥಿಯೇಟರಿನಲ್ಲಿ ಕದ್ದು ರೆಕಾರ್ಡ್ ಮಾಡಿದರೆ 3 ತಿಂಗಳಿಂದ 3 ವರ್ಷದ ತನಕ ಜೈಲು, ದಂಡ ಕಡಿಮೆ ಅಂದರೂ 3 ಲಕ್ಷ. ಫೋನ್ ಆಫ್ ಮಾಡಿ ಬ್ಯಾಗಿಗೆ ಹಾಕಿ. ಅವತ್ತು ನನ್ನ ಫೋನ್ ಆಫ್ ಆಗಿದ್ದರೆ ನಾನು ಗೇಟಿನ ಹತ್ತಿರ ನಿಲ್ಲುತ್ತಿರಲಿಲ್ಲ.

ಯೂಟ್ಯೂಬಾ, ಇನ್‌ಸ್ಟಾಗ್ರಾಮಾ? ಎರಡೂ ಬೇಡ, ಸದ್ಯಕ್ಕೆ. 40 ಪುಟದ ಒಂದು ನೋಟ್‌ಬುಕ್ ಸಾಕು. ಟಿಕೆಟ್ ಅಂಟಿಸಿ, ಕೆಳಗೆ ಪೆನ್ನಿನಲ್ಲಿ ಬರೆಯಿರಿ. ಅದು ತುಂಬಿದ ಮೇಲೆ ಎಲ್ಲಿ ಬೇಕಾದರೂ ಹಾಕಿ.

2022ರ ಆಯುಧಪೂಜೆ ಮಂಗಳವಾರ ಬಂದಿತ್ತು. ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ಹಿಂದಿನ ರಾತ್ರಿ ಮಾವನ ಫೋನ್. "ಕಾಂತಾರ ಅಂತೆ, ಎಲ್ಲರೂ ಹೇಳ್ತಿದ್ದಾರೆ. ಬಾರೋ, ನೋಡೋಣ." ಬೆಳಿಗ್ಗೆ ಮೊದಲ ರೈಲಿಗೆ ಹೋದೆ. ಫೋನನ್ನು ಅಂಗಡಿಯ ಡ್ರಾಯರಿನಲ್ಲಿ, ಚಾಕ್‌ಪೀಸ್ ಡಬ್ಬಿ ಪಕ್ಕ ಇಟ್ಟೆ. ಮಾವ ನೋಡಿದರು, ಏನೂ ಅನ್ನಲಿಲ್ಲ. ಸಿನಿಮಾ ಮುಗಿದು ಜನ ಎದ್ದರೂ ನಾವು ಏಳಲಿಲ್ಲ. ಬಟ್ಟೆ ಯಾರು ಮಾಡಿದ್ದು ಅಂತ ಮಾವನಿಗೆ ತಿಳಿಯಬೇಕಿತ್ತು. ಪ್ರಗತಿ ಶೆಟ್ಟಿ ಅನ್ನೋ ಹೆಸರು ಸಿಗುವ ತನಕ ಪರದೆ ನೋಡುತ್ತಲೇ ಕೂತಿದ್ದರು.

ಆ ರಾತ್ರಿ ನಾನು ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬರೆದೆ. ಬೆಳಿಗ್ಗೆ ಮಾವನಿಗೆ ಓದಿ ತೋರಿಸಿದೆ. ಎರಡು ಕಡೆ "ಹಾಗಲ್ಲ" ಅಂದರು, ತಿದ್ದಿದೆ. ಆಮೇಲೆ ಆ ಹಾಳೆಗಳನ್ನು ನೀಟಾಗಿ ಕತ್ತರಿಸಿಕೊಂಡರು. ಕನ್ನಡಿ ಪಕ್ಕ ಈಗ ಅವೂ ಇವೆ. ಮೊದಲಿನ ಮೂರು ಹಳದಿಯಾಗಿವೆ.

ಈ ಹಬ್ಬಕ್ಕೆ ಯಾವ ಸಿನಿಮಾಗೆ ಹೋಗುತ್ತೀರಿ, ಯಾರ ಜೊತೆ ಹೋಗುತ್ತೀರಿ? ಬರೆದಾದ ಮೇಲೆ ಕಾಮೆಂಟಿನಲ್ಲಿ ಹಾಕಿ. ವಾರ ತಡವಾದರೂ ಓದುತ್ತೇನೆ.