ಓದುಗರ ಪ್ರಶ್ನೆ: ಶಾಲೆಯಲ್ಲಿ ಆಪ್ತಸಮಾಲೋಚಕರಿಲ್ಲದಾಗ

ಪ್ರಶ್ನೆ: ನಾನು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಹಶಿಕ್ಷಕಿ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎರಡು ತಿಂಗಳಿಂದ ಮಂಕಾಗಿದ್ದಾಳೆ. ಬಿಸಿಯೂಟದ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಕೂತು, ಕೊನೆಗೆ ಹಾಗೆಯೇ ಚೆಲ್ಲಿಬಿಡುತ್ತಾಳೆ. ಆಸ್ಪತ್ರೆಯ ಮಾತೆತ್ತಿದರೆ ತಂದೆ, ‘ನನ್ನ ಮಗಳಿಗೇನು ಹುಚ್ಚೇ?’ ಎನ್ನುತ್ತಾರೆ. ನಮ್ಮಲ್ಲಿ ಆಪ್ತಸಮಾಲೋಚಕರಿಲ್ಲ. ನಾನೇನು ಮಾಡಲಿ?

ಉತ್ತರ: ಆ ತಟ್ಟೆಯನ್ನು ನೀವು ಗಮನಿಸಿದ್ದೇ ದೊಡ್ಡ ಸಂಗತಿ, ಮೇಡಂ. ಒಂದೆರಡು ದಿನದ ಬೇಸರ ಎಲ್ಲ ಮಕ್ಕಳಿಗೂ ಬರುತ್ತದೆ. ಆದರೆ ಊಟ, ನಿದ್ರೆ, ಗೆಳೆತನ, ಓದು ಇವೆಲ್ಲ ವಾರಗಟ್ಟಲೆ ಕುಸಿಯುತ್ತಿದ್ದರೆ ಅದನ್ನು ಸೋಗು ಎಂದು ತಳ್ಳಿಹಾಕುವಂತಿಲ್ಲ. ತಂದೆಯ ಎದುರು ಕಾಯಿಲೆಯ ಹೆಸರು ಹೇಳದೆ, ಕಂಡದ್ದನ್ನಷ್ಟೇ ಹೇಳಿ: ‘ಎರಡು ತಿಂಗಳಿಂದ ಊಟ ಸೇರುತ್ತಿಲ್ಲ, ಒಮ್ಮೆ ಡಾಕ್ಟರಿಗೆ ತೋರಿಸೋಣ.’ ಇದು ನೆಪವಲ್ಲ. ರಕ್ತಹೀನತೆ, ಥೈರಾಯ್ಡ್ ತೊಂದರೆಗಳಿಂದಲೂ ಮಕ್ಕಳು ಹೀಗೆ ಸೊರಗುವುದುಂಟು, ಆದ್ದರಿಂದ ದೇಹದ ತಪಾಸಣೆ ಹೇಗೂ ಆಗಲೇಬೇಕು.

ಹುಡುಗಿಯೊಂದಿಗೆ ಮಾತನಾಡುವಾಗ ಸ್ಟಾಫ್ ರೂಮಿಗೆ ಕರೆಯಬೇಡಿ. ಶಾಲೆ ಬಿಟ್ಟ ಮೇಲೆ, ಇತರರಿಗೆ ಕಾಣುವಂತೆ ಆದರೆ ಮಾತು ಕೇಳಿಸದಂತೆ, ಜಗಲಿಯ ಮೇಲೆ ಜೊತೆಗೆ ಕುಳಿತರೆ ಸಾಕು. ಅವಳು ಸುಮ್ಮನಿದ್ದರೆ ನೀವೂ ಸ್ವಲ್ಪ ಹೊತ್ತು ಸುಮ್ಮನಿರಿ. ‘ಯಾರಿಗೂ ಹೇಳುವುದಿಲ್ಲ’ ಎಂಬ ಭಾಷೆ ಮಾತ್ರ ಕೊಡಬೇಡಿ, ಏಕೆಂದರೆ ಲೈಂಗಿಕ ದೌರ್ಜನ್ಯದ ವಿಷಯ ಹೊರಬಂದರೆ ಅದನ್ನು ವರದಿ ಮಾಡುವುದು 2012ರ ಪೋಕ್ಸೊ ಕಾಯ್ದೆಯಂತೆ ನಿಮ್ಮ ಮೇಲಿನ ಹೊಣೆ. ಅಂಥ ಹೊತ್ತಿನಲ್ಲಿ 1098 ಮಕ್ಕಳ ಸಹಾಯವಾಣಿಯೂ ನೆರವಿಗಿದೆ. ಸಾಯಬೇಕೆಂದು ಅನ್ನಿಸುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವಳನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು, ಮನೆಯಲ್ಲಿರುವ ಬೆಳೆಗೆ ಹೊಡೆಯುವ ಔಷಧಿಯ ಡಬ್ಬಗಳಿಗೆ ಬೀಗ ಬೀಳಬೇಕು. ಈ ಮಾತನ್ನು ತಂದೆಗೆ ಬಿಡಿಸಿ ಹೇಳಿ.

ನೆರವಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಬೇಕಾಗಿಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು; ಹುಡುಗಿಯ ಹೆಸರು ಹೇಳದೆ ನೀವೇ ಮೊದಲು ಸಲಹೆ ಕೇಳಬಹುದು. ಇಂದು ದೇಶದಲ್ಲಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಮನೋಚೈತನ್ಯ ಯೋಜನೆಯಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯೂ ಇದೆ. ಹೊರಡುವ ಮುನ್ನ ಫೋನಿನಲ್ಲಿ ವಿಚಾರಿಸಿಕೊಳ್ಳಿ, ಕೂಲಿ ಬಿಟ್ಟು ಬರುವ ತಂದೆ ಸುಮ್ಮನೆ ಹಿಂದಿರುಗುವಂತೆ ಆಗಬಾರದು. ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ ಬಗ್ಗೆಯೂ ಅಲ್ಲಿಯೇ ಕೇಳಿ.

ಇಷ್ಟೆಲ್ಲ ಹೊರೆಯನ್ನು ಒಬ್ಬ ಶಿಕ್ಷಕಿಯ ಹೆಗಲಿಗೆ ಹಾಕುವುದು ಸರಿಯಲ್ಲ ಎಂಬುದೇ ನನ್ನ ಖಚಿತ ಅಭಿಪ್ರಾಯ. ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಡುವ ಏರ್ಪಾಡಿದೆ, ಅದು ಬೇಕಾದದ್ದೇ. ಆದರೆ ಆರು ಪಿರಿಯಡ್ ಪಾಠ ಮಾಡಿ, ಬಿಸಿಯೂಟದ ಲೆಕ್ಕ ಬರೆದು, ಉಳಿದ ಹೊತ್ತಿನಲ್ಲಿ ಸಮಾಲೋಚನೆ ನಡೆಸುವುದು ಯಾರಿಂದಲೂ ಆಗದು. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕರೊಬ್ಬರಾದರೂ ಇರಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು ಎಂದು ನಿರ್ದೇಶಿಸಿದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇದನ್ನು ಠರಾವಿಗೆ ತಂದು, ಮುಖ್ಯ ಶಿಕ್ಷಕರ ಮೂಲಕ ಬಿಇಒ ಕಚೇರಿಗೆ ಬರೆದು, ಸ್ವೀಕೃತಿ ಪಡೆದಿಟ್ಟುಕೊಳ್ಳಿ.

ಪ್ರಶ್ನೆ: ಎಸ್‌ಎಸ್‌ಎಲ್‌ಸಿ ಓದುತ್ತಿರುವ ಮಗನನ್ನು ಮನೋವೈದ್ಯರಿಗೆ ತೋರಿಸಿದರೆ ಅದು ಟಿ.ಸಿ.ಯಲ್ಲಿ ದಾಖಲಾಗುವುದೇ?

ಉತ್ತರ: ಇಲ್ಲ, ತಾಯಿ. ಆಸ್ಪತ್ರೆಯ ಚೀಟಿ ಬೇರೆ, ಶಾಲೆಯ ದಾಖಲೆ ಬೇರೆ. ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಕೊಟ್ಟಿದೆ. ಪರೀಕ್ಷೆ ಮುಗಿಯಲಿ ಎಂದು ಕಾಯದೆ ಈ ವಾರವೇ ಕರೆದುಕೊಂಡು ಹೋಗಿ. ತರಗತಿ ಶಿಕ್ಷಕರಿಗೆ ಎಷ್ಟು ತಿಳಿಸಬೇಕೆಂಬುದನ್ನು ಮಗನನ್ನು ಕೇಳಿಯೇ ತೀರ್ಮಾನಿಸಿ.