ಇಲಿಯಷ್ಟು ಬೇಗ ರಣಹದ್ದು ಯಾಕೆ ಹೆಚ್ಚೋದಿಲ್ಲ?

ಪ್ರಶ್ನೆ: ರಣಹದ್ದುಗಳನ್ನು ಕೊಂದ ದನದ ಔಷಧಿಯನ್ನು 2006ರಲ್ಲೇ ನಿಷೇಧಿಸಿದರಂತೆ. ಆದರೂ ರಾಮನಗರದ ರಾಮದೇವರ ಬೆಟ್ಟದಲ್ಲಿ ಅವು ಕಾಣೋದೇ ಅಪರೂಪ. ಮನೆಯ ಇಲಿಗಳಿಗೆ ಪಾಷಾಣ ಇಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಅಷ್ಟೇ ಆಗುತ್ತವೆ. ಹದ್ದಿಗೇನು ಕಷ್ಟ? ಜಾಸ್ತಿ ಮೊಟ್ಟೆ ಇಡಿಸೋಕೆ ಆಗಲ್ವಾ?
– ಓದುಗರೊಬ್ಬರು, ಚನ್ನಪಟ್ಟಣ

ಉತ್ತರ: ಎರಡೂ ಬದುಕುವ ಲೆಕ್ಕವೇ ಬೇರೆ. ಇಲಿ ಮೂರು ವಾರಕ್ಕೆಲ್ಲ ಆರೇಳು ಮರಿ ಹಾಕುತ್ತದೆ, ಆ ಮರಿಗಳೂ ಎರಡು ಮೂರು ತಿಂಗಳಲ್ಲಿ ಮರಿ ಹಾಕೋಕೆ ಶುರು ಮಾಡುತ್ತವೆ, ಬೆಕ್ಕು, ಹಾವು, ಗೂಬೆ ತಿಂದು ಉಳಿದದ್ದೇ ಸಂಸಾರ ಬೆಳೆಸಲು ಸಾಕು.

ರಾಮನಗರದ ಬಂಡೆಗಳಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದು ವರ್ಷಕ್ಕೆ ಇಡೋದು ಒಂದೇ ಮೊಟ್ಟೆ. ಗಂಡು ಹೆಣ್ಣು ಸರದಿಯಲ್ಲಿ ಸುಮಾರು 50 ದಿನ ಕಾವು ಕೊಡುತ್ತವೆ. ಆ ಮರಿ ಬೆಳೆದು ತಾನೇ ಮೊಟ್ಟೆ ಇಡಲು ಸುಮಾರು ಐದು ವರ್ಷ ಬೇಕು. ಬೆಳೆದ ಹದ್ದಿಗೆ ಶತ್ರುಗಳು ಕಡಿಮೆ, ಆಯಸ್ಸು ಜಾಸ್ತಿ, ಹಾಗಾಗಿ ಒಂದೇ ಮೊಟ್ಟೆಯಲ್ಲಿ ಸಾವಿರಾರು ವರ್ಷ ಚೆನ್ನಾಗಿಯೇ ನಡೆಯಿತು. ದೊಡ್ಡ ಹಕ್ಕಿಗಳು ಸಾಯದೆ ಇದ್ದರೆ ಮಾತ್ರ ಈ ಲೆಕ್ಕ ಸರಿಹೋಗುತ್ತದೆ.

ಡೈಕ್ಲೋಫೆನಾಕ್ ಕೊಂದದ್ದು ಆ ದೊಡ್ಡ ಹಕ್ಕಿಗಳನ್ನೇ. ಈ ನೋವಿನ ಮದ್ದು ಹಾಕಿದ್ದ ದನ ಸತ್ತರೆ, ಅದನ್ನು ತಿಂದ ಹದ್ದಿನ ಕಿಡ್ನಿ ಕೆಲವೇ ದಿನಗಳಲ್ಲಿ ಕೆಡುತ್ತದೆ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಮದ್ದಿದ್ದರೂ ಹದ್ದುಗಳು ಕುಸಿಯೋಕೆ ಸಾಕು ಅಂತ 2004ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ನನಗೆ ಇಡೀ ಕತೆಯಲ್ಲಿ ತುಂಬಾ ದಿಗಿಲಾಗೋದು ಇದೇ. ಒಂದು ಹೆಣಕ್ಕೆ ಹತ್ತಾರು ಹದ್ದು ಒಟ್ಟಿಗೇ ಇಳಿಯುತ್ತವೆ ಅಲ್ವಾ? 1990ರ ದಶಕದ ಶುರುವಿನಿಂದ 2007ರ ಹೊತ್ತಿಗೆ ದೇಶದ ಉದ್ದ ಕೊಕ್ಕಿನ ರಣಹದ್ದುಗಳಲ್ಲಿ ಸುಮಾರು ಶೇ. 97ರಷ್ಟು ಹೋಗಿಬಿಟ್ಟವು.

ಮೊಟ್ಟೆಯ ಉಪಾಯ ನೀವು ಕೇಳಿದ್ದು ಸರಿಯಾಗಿದೆ. ಹರಿಯಾಣದ ಪಿಂಜೋರ್ ಸಂತಾನ ಕೇಂದ್ರದಲ್ಲಿ ಮೊದಲ ಮೊಟ್ಟೆಯನ್ನು ಬೇಗನೆ ತೆಗೆದು ಯಂತ್ರದಲ್ಲಿ ಕಾವು ಕೊಟ್ಟಿದ್ದಾರೆ, ಆಗ ಜೋಡಿ ಇನ್ನೊಂದು ಮೊಟ್ಟೆ ಇಡುತ್ತದೆ. ವರ್ಷಕ್ಕೆ ಒಂದಿದ್ದದ್ದು ಎರಡಾಗುತ್ತದೆ, ಅಷ್ಟೇ. ಮರಿ ಬಲಿಯುವ ಐದು ವರ್ಷವನ್ನು ಯಾರೂ ಕಡಿಮೆ ಮಾಡೋಕೆ ಆಗಲ್ಲ.

ಹಾಗಾಗಿ ದೊಡ್ಡ ಹಕ್ಕಿಗಳನ್ನು ಉಳಿಸೋದೇ ಮೊದಲ ಕೆಲಸ. ನಿಷೇಧದ ನಂತರವೂ ಮನುಷ್ಯರ ಡೈಕ್ಲೋಫೆನಾಕ್ ಸೂಜಿಮದ್ದನ್ನೇ ದನಗಳಿಗೆ ಹಾಕುತ್ತಿದ್ದರು, ಅದಕ್ಕೇ 2015ರಲ್ಲಿ ಅದರ ದೊಡ್ಡ ಬಾಟಲಿಗಳನ್ನು ನಿಲ್ಲಿಸಿದರು. 2023ರಲ್ಲಿ ದನಗಳಿಗೆ ಕೊಡುವ, ಹದ್ದಿಗೆ ಅಪಾಯವಾದ ಇನ್ನೆರಡು ನೋವಿನ ಮದ್ದುಗಳಾದ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ನಿಷೇಧವಾದವು. ನಿಮ್ಮ ಮನೆಯಲ್ಲಿ ಹಸು ಇದ್ದರೆ, ನೋವಿಗೆ ಮೆಲಾಕ್ಸಿಕ್ಯಾಮ್ ಕೊಡಿ ಅಂತ ದನದ ಡಾಕ್ಟರನ್ನು ಕೇಳಿ. ಅದು ಹದ್ದಿಗೆ ತೊಂದರೆ ಮಾಡೋದಿಲ್ಲ.